ಗಂಜಿ ಹಾಕಿದ ಜಾಕೆಟ್

ನಮ್ಮ ಜಹೀರಾಬಾದಿನ ಚಳಿಯನ್ನು ಯಾರೂ ಸೀರಿಯಸ್ಸಾಗಿ ತೆಗೆದುಕೊಳ್ಳುವುದಿಲ್ಲ. ಡಿಸೆಂಬರಿನಲ್ಲಿ ಹೈದರಾಬಾದಿನಿಂದ ಕಾರಿನಲ್ಲಿ ಬಂದವರು ಹೈವೇ ಪಕ್ಕದ ಬಿಸಿಲಿನಲ್ಲಿ ನಿಂತು, ಕಬ್ಬಿನ ಹಾಲು ಕುಡಿದು, 'ಲವ್ಲಿ ವೆದರ್' ಎಂದು ಸರ್ಟಿಫಿಕೇಟ್ ಕೊಟ್ಟು ಮುಂದೆ ಹೋಗುತ್ತಾರೆ. ಬೆಳಗಿನ ಐದೂವರೆಗೆ ಅವರನ್ನೆಲ್ಲ ಮೊಗುಡಂಪಲ್ಲಿ ಕಡೆಯ ಒಂದು ಹೊಲದ ಬದುವಿನ ಮೇಲೆ ಅರ್ಧ ಗಂಟೆ ನಿಲ್ಲಿಸಬೇಕೆಂದು ನನಗೆ ಬಹಳ ದಿನದ ಆಸೆ. ಆ ಹೊತ್ತಿನಲ್ಲಿ ಅಲ್ಲಿ ದೇವರು ಇದ್ದಾನೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಇದ್ದರೂ ರಗ್ಗು ಹೊದ್ದು ಮಲಗಿರುತ್ತಾನೆ.

ಎದ್ದಿರುವವನು ನನ್ನ ತಮ್ಮ. ಐವತ್ತು ವರ್ಷದಿಂದ ಅವನು ಆ ಹೊತ್ತಿಗೆ ಕುರಿ ಬಿಡುತ್ತಾನೆ.

ನಮ್ಮದು ಕುರಿ ಸಾಕುವ, ಜೊತೆಗೆ ಒಂದಿಷ್ಟು ಜೋಳ ತೊಗರಿ ಬೆಳೆಯುವ ಮನೆ. ಅಂಥ ಮನೆಯ ಹುಡುಗಿ ಕಾನ್ವೆಂಟಿಗೆ ಹೋದದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಉತ್ತರ ಬಹಳ ಸಿಂಪಲ್. ರಾಜ್ಯದ ಗಡಿಯಾಚೆಯ ಕಾನ್ವೆಂಟಿಗೆ ನಮ್ಮ ಅಪ್ಪ ಭಾನುವಾರದ ಊಟದ ಕುರಿ ಒದಗಿಸುತ್ತಿದ್ದ. ಒಂದು ಶನಿವಾರ ಕುರಿಯ ಜೊತೆ ನನ್ನನ್ನೂ ಕರೆದುಕೊಂಡು ಹೋದ. ಮದರ್ ಸುಪೀರಿಯರ್ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ಕುರಿ ಅಡುಗೆಮನೆಗೆ ಹೋಯಿತು, ನಾನು ಫಸ್ಟ್ ಸ್ಟ್ಯಾಂಡರ್ಡಿಗೆ ಹೋದೆ. ಇಬ್ಬರಲ್ಲಿ ಯಾರ ನಸೀಬು ಚೆನ್ನಾಗಿತ್ತು ಎಂಬ ಬಗ್ಗೆ ಬೋರ್ಡಿಂಗಿನ ಮೊದಲ ವಾರದಲ್ಲಿ ನನಗೆ ನಿಜವಾದ ಅನುಮಾನವಿತ್ತು. ಆಮೇಲೆ ನಾನು ಇಂಗ್ಲಿಷ್ ಟೀಚರ್ ಆದೆ, ಜಹೀರಾಬಾದಿನಲ್ಲಿ ಮನೆ ಮಾಡಿದೆ, ರಿಟೈರ್ ಆದೆ, ಮುದುಕಿಯಾದೆ. ತಮ್ಮ ಊರಲ್ಲೇ ಉಳಿದ. ಅವನಿಗೆ ಕುರಿ ಬಂತು, ನನಗೆ ಗ್ರಾಮರ್ ಬಂತು. ಎರಡನ್ನೂ ಹೊಡೆದುಕೊಂಡು ಹೋಗುವುದು ಕಷ್ಟವೇ, ಆದರೆ ಗ್ರಾಮರಿಗೆ ಚಳಿಯಲ್ಲಿ ಹೊರಗೆ ನಿಲ್ಲುವ ಅಗತ್ಯವಿಲ್ಲ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ತಮ್ಮನ ಎಡಭುಜ ಹಿಡಿದುಕೊಂಡಿತು. ಕೈ ಕಿವಿಯ ತನಕವೂ ಏಳುತ್ತಿರಲಿಲ್ಲ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. 'ಫ್ರೋಜನ್ ಶೋಲ್ಡರ್, ಹೆಗಲ ಮೇಲೆ ಭಾರ ಹಾಕಬೇಡಿ' ಎಂದ. ಹೇಳುವುದು ಸುಲಭ. ಕುರಿ ಕಾಯುವವನ ಹೆಗಲ ಮೇಲೆ ಕಂಬಳಿ ಇರುತ್ತದೆ. ಅದನ್ನು ಇಳಿಸಿ ಎನ್ನುವುದೂ ಪೊಲೀಸನಿಗೆ ಟೊಪ್ಪಿಗೆ ತೆಗೆದಿಡು ಎನ್ನುವುದೂ ಒಂದೇ. ಮಳೆ ಬಂದರೆ ತಲೆಯ ಮೇಲೆ ಕೊಪ್ಪೆ ಹಾಕುವುದು ಅದೇ, ಕೂರಲು ಹಾಸುವುದು ಅದೇ, ಹೊಲದಲ್ಲೇ ಹುಟ್ಟಿದ ಮರಿಯನ್ನು ಸುತ್ತಿ ತರುವುದೂ ಅದರಲ್ಲೇ. ಇಬ್ಬನಿಯಲ್ಲಿ ನೆನೆದರಂತೂ ಅದು ಒಂದು ಕರುವಿನಷ್ಟು ಭಾರ. ತಮ್ಮ ಅದನ್ನು ಬಲಹೆಗಲಿಗೆ ಬದಲಾಯಿಸಿದ. ಮೂರು ತಿಂಗಳಲ್ಲಿ ಬಲಹೆಗಲೂ ದೂರು ಹೇಳತೊಡಗಿತು.

ತಮ್ಮನ ಮಗನಿಗೆ ಜಹೀರಾಬಾದಿನಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ ಇದೆ. ದಿನಾ ಬೈಕಿನಲ್ಲಿ ಊರಿಂದ ಹೋಗಿ ಬರುತ್ತಾನೆ. ಕೆಟ್ಟವನಲ್ಲ. ಅಪ್ಪ ಒಂದು ಬೆಳಗ್ಗೆ ಬದುವಿನ ಮೇಲೆ ಬಿದ್ದು ಅಲ್ಲೇ ಸೆಟೆದುಕೊಂಡಾನೆಂಬ ಭಯ ಅವನಿಗೆ. ಅದಕ್ಕೇ ಕಳೆದ ವರ್ಷ ದೀಪಾವಳಿ ಮುಗಿದದ್ದೇ ತಡ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. ಎಳ್ಳಮಾವಾಸ್ಯೆಯ ತನಕ ನೋಡುತ್ತೇನೆ, ಅಷ್ಟರೊಳಗೆ ಅಪ್ಪ ಈ ಚಳಿಯಲ್ಲಿ ನೆಟ್ಟಗೆ ಕುರಿ ಕಾದು ತೋರಿಸಿದರೆ ಸರಿ, ಇಲ್ಲದಿದ್ದರೆ ಇಡೀ ಹಿಂಡು ವ್ಯಾಪಾರಿಗೆ. ತಮ್ಮ ಎರಡು ದಿನ ರೊಟ್ಟಿ ಮುಟ್ಟಲಿಲ್ಲ, ಅಷ್ಟೆ. ಅವನ ಹೆಂಡತಿ ನನಗೆ ಫೋನ್ ಮಾಡಿ, ಕುರಿಗಿಂತ ಮೊದಲು ಇವರೇ ಹೋಗುವ ಹಾಗೆ ಕಾಣುತ್ತಾರೆ ಎಂದಳು. ಅಳುತ್ತಿರಲಿಲ್ಲ, ಬೈಯುತ್ತಿದ್ದಳು. ಅವಳು ಬೈದಾಗಲೇ ನನಗೆ ಹೆಚ್ಚು ಗಾಬರಿ.

ಹಾಗಾಗಿ ನಾನು, ಕುಟುಂಬದ ಎಜುಕೇಟೆಡ್ ಮೆಂಬರ್, ಕಾರ್ಯಾಚರಣೆಗೆ ಇಳಿದೆ.

ಹೈವೇ ಪಕ್ಕದ ಬಟ್ಟೆ ಅಂಗಡಿಯೊಂದರಲ್ಲಿ ಗಾಜಿನ ಹಿಂದೆ ಒಂದು ಜಾಕೆಟ್ ತೂಗುಬಿಟ್ಟಿದ್ದರು. ಬೆಟ್ಟ ಹತ್ತುವವರು ಹಾಕಿಕೊಳ್ಳುವಂಥದ್ದು. ಮೇಲೆ ನೈಲಾನು, ಒಳಗೆ ಹತ್ತಿಯಂತೆ ಕಾಣುವ ಆದರೆ ಹತ್ತಿಯಲ್ಲದ ಏನೋ ಒಂದು, ಅಡ್ಡಡ್ಡ ಹೊಲಿಗೆ ಹಾಕಿ ಪಟ್ಟೆ ಪಟ್ಟೆಯಾಗಿ ಉಬ್ಬಿಸಿದ್ದಾರೆ. ಅಂಗಡಿಯವನು ಉರ್ದುವಿನಲ್ಲಿ ಅದರ ಗುಣಗಾನ ಮಾಡುತ್ತಲೇ ಇಡೀ ಜಾಕೆಟನ್ನು ಮುದ್ದೆ ಮಾಡಿ ಅದರದೇ ಜೇಬಿನೊಳಗೆ ತುರುಕಿ, ಒಂದು ತೆಂಗಿನಕಾಯಿಯಷ್ಟು ಮಾಡಿ ನನ್ನ ಕೈಗಿಟ್ಟ. ತೂಕವೇ ಇಲ್ಲ. ಬಿಚ್ಚಿದರೆ ಮತ್ತೆ ಉಸಿರು ತೆಗೆದುಕೊಂಡು ಉಬ್ಬಿತು. ನನಗೆ ಬೈಯುವ ಮೊದಲು ಹೀಗೇ ಉಬ್ಬುತ್ತಿದ್ದ ಮದರ್ ಸುಪೀರಿಯರ್ ನೆನಪಾದರು. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ನೆನೆದರೂ ಬೆಚ್ಚಗಿರುತ್ತದೆ, ಬೇಗ ಒಣಗುತ್ತದೆ, ಬೆಂಕಿಯಿಂದ ದೂರವಿಡಿ. ಮೂರು ಸ್ಪೆಲಿಂಗ್ ಮಿಸ್ಟೇಕ್. ಆದರೂ ಕೊಂಡೆ. ತಮ್ಮನ ಅಳತೆಗೆ ಉಳಿದಿದ್ದು ಒಂದೇ ಬಣ್ಣ, ಕಿತ್ತಳೆ. ಕಿತ್ತಳೆಯಾದರೆ ಏನಂತೆ, ಕುರಿಗಳೇನು ಫ್ಯಾಷನ್ ನೋಡುತ್ತವೆಯೇ ಎಂದುಕೊಂಡೆ. ನೋಡಿ, ಎಪ್ಪತ್ತೆರಡು ವರ್ಷ ಆದರೂ ಮನುಷ್ಯರಿಗೆ ಕುರಿಗಳ ಬಗ್ಗೆ ಎಷ್ಟು ಅಹಂಕಾರ.

ಊರಿಗೆ ಒಯ್ದು ಮುಂದಿಟ್ಟರೆ ತಮ್ಮ ಮೊದಲು ಅದನ್ನು ಮುಟ್ಟಲೇ ಇಲ್ಲ. ಆಮೇಲೆ ನನ್ನ ಮುಖ ನೋಡಿ ಹಾಕಿಕೊಂಡ. ಕೆಳಗೆ ಧೋತರ, ಮೇಲೆ ಕಿತ್ತಳೆ ಜಾಕೆಟ್, ತಲೆಗೆ ರುಮಾಲು. ನಾನು ನಗಬಾರದು ಎಂದು ತುಟಿ ಕಚ್ಚಿಕೊಂಡೆ. ಅವನ ಹೆಂಡತಿಗೆ ಅಂಥ ಕಾನ್ವೆಂಟ್ ಡಿಸಿಪ್ಲಿನ್ ಇಲ್ಲ.

"ಅತ್ತಿಗಿ, ಯಾರೋ ಗಾದಿ ಸುತಿಗೊಂಡ್ ಎದ್ದು ಹೊಂಟಂಗ ಕಾಣ್ತದ ನೋಡ್ರಿ" ಎಂದಳು.

ತಮ್ಮ ಎಡಗೈ ಮೇಲೆತ್ತಿ ನೋಡಿದ. ಕಿವಿಯ ತನಕ ಬಂತು. ಇನ್ನೊಂದು ಸಲ ಎತ್ತಿದ. ಭುಜದ ಮೇಲೆ ಏನೂ ಇಲ್ಲವಲ್ಲ ಎಂದು ಮೂರು ಸಲ ಹೇಳಿದ. ಆ ಹೊತ್ತಿನಲ್ಲಿ ಅವನ ಮುಖ ನೋಡಿದವರು ಕಿತ್ತಳೆ ಬಣ್ಣವನ್ನು ಕ್ಷಮಿಸುತ್ತಿದ್ದರು.

ಮರುದಿನ ಬೆಳಗ್ಗೆ ಅದೇ ಭುಜ ಎತ್ತಿಕೊಂಡು ಕುರಿ ಬಿಡಲು ಹೋದ. ಹತ್ತು ಗಂಟೆಗೆಲ್ಲ ಜಹೀರಾಬಾದಿನಲ್ಲಿದ್ದ ನನಗೆ ಫೋನಿನಲ್ಲಿ ಸುದ್ದಿ ಬಂತು. ಜಾಕೆಟ್ ಕೈ ಆಡಿಸಿದಾಗಲೆಲ್ಲ ಪರ್ ಪರ್ ಎನ್ನುತ್ತದೆ. ಅಷ್ಟಕ್ಕೇ ಕುರಿಗಳು ಬೆದರಿದ್ದವು. ಯಾವಾಗಲೂ ಅವನ ಮೊಣಕಾಲಿಗೆ ಅಂಟಿಕೊಂಡು ನಡೆಯುವ ಹಿರಿ ಕುರಿ ಮೂರು ಮಾರು ದೂರ ನಿಂತು ಇವನನ್ನು ಅಪರಿಚಿತ ಗಂಡಸಿನಂತೆ ನೋಡಿತಂತೆ. ನಾಯಿ ಕೂಡ ಒಂದು ಸಲ ಬೊಗಳಿ, ಆಮೇಲೆ ನಾಚಿಕೊಂಡು ಬಾಲ ಆಡಿಸಿತಂತೆ. ಎಷ್ಟು ಕೂಗಿದರೂ ಹಿಂಡು ಅವನ ಹಿಂದೆ ಬರಲಿಲ್ಲ. ಅರ್ಧ ಎಡಕ್ಕೆ, ಅರ್ಧ ಬಲಕ್ಕೆ. ಬಲಕ್ಕೆ ಹೋದವು ಪಕ್ಕದವನ ಕಡಲೆ ಹೊಲಕ್ಕೆ ನುಗ್ಗಿ ಬೆಳಗಿನ ನಾಷ್ಟಾ ಮುಗಿಸಿದವು. ಪಕ್ಕದವನು ತಮ್ಮನ ಮನೆಬಾಗಿಲಿಗೆ ಬಂದು ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಏರಿಸಿ ಉರ್ದುವಿನಲ್ಲಿ ಮುಗಿಸಿದ. ನಮ್ಮ ಕಡೆ ಬೈಗುಳಕ್ಕೆ ಒಂದು ಭಾಷೆ ಸಾಲುವುದಿಲ್ಲ.

ಮೂರನೆಯ ದಿನವೂ ಹಾಗೆಯೇ ಆಯಿತು. ಐದನೆಯ ದಿನವೂ. ತಮ್ಮ ನನಗೆ ಗೊತ್ತಾಗದಂತೆ ಜಾಕೆಟ್ ಮೇಲೆ ಕಂಬಳಿ ಹೊದ್ದು ಹೋದ ಒಂದು ದಿನ ಮಾತ್ರ ಕುರಿಗಳು ಸಾಲಾಗಿ ಹಿಂದೆ ಬಂದವು. ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅವನಿಗೆ ನೀರಿನ ಚೊಂಬು ಎತ್ತಲು ಎಡಭುಜ ಏಳಲಿಲ್ಲ. ಮಗ ಎದುರಿಗೇ ಕೂತಿದ್ದ. ಅಪ್ಪ ಬಲಗೈಯಿಂದ ಎಡಗೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡದ್ದನ್ನು ನೋಡಿದ. ಎದ್ದು ಹೊರಗೆ ಹೋಗಿ ಫೋನ್ ಮಾಡಿ ಬಂದ. ಎಳ್ಳಮಾವಾಸ್ಯೆಗೆ ಇನ್ನೂ ವಾರವಿತ್ತು, ಆದರೂ ಶುಕ್ರವಾರ ಬೆಳಗ್ಗೆ ವ್ಯಾಪಾರಿ ಗಾಡಿ ತೆಗೆದುಕೊಂಡು ಬರುತ್ತಾನೆ ಎಂದ. ನಾರಾಯಣಖೇಡದ ಸಂತೆಗೆ ಒಯ್ಯುವವನಂತೆ.

ಫೋನಿನಲ್ಲಿ ಇದನ್ನೆಲ್ಲ ಕೇಳಿ ನನಗೆ ನನ್ನ ಮೇಲೇ ಸಿಟ್ಟು ಬಂತು. ತಂದುಕೊಟ್ಟವಳು ನಾನು. ಕಂಬಳಿಯಲ್ಲೇ ಬಿಟ್ಟಿದ್ದರೆ ಭುಜ ಹೋಗುತ್ತಿತ್ತು, ಹಿಂಡು ಇರುತ್ತಿತ್ತು. ನಾನು ಭುಜ ಉಳಿಸಲು ಹೋಗಿ ಹಿಂಡನ್ನೇ ಗಾಡಿ ಹತ್ತಿಸಿದೆ. ಕಾನ್ವೆಂಟಿನಲ್ಲಿ ಇಂಥದ್ದಕ್ಕೆಲ್ಲ ಕನ್ಫೆಷನ್ ಎಂಬ ಅನುಕೂಲವಿತ್ತು, ಕ್ಯಾಥೊಲಿಕ್ ಹುಡುಗಿಯರಿಗೆ ಮಾತ್ರ. ನಾವು ಹಿಂದೂ ಹುಡುಗಿಯರು ಪಾಪವನ್ನು ಹಾಗೇ ಟ್ರಂಕಿನಲ್ಲಿಟ್ಟುಕೊಂಡು ಮನೆಗೆ ತರಬೇಕಿತ್ತು.

ಗುರುವಾರ ಬೆಳಗಿನ ಬಸ್ಸಿಗೆ ಊರಿಗೆ ಹೋದೆ. ಅಂಗಳಕ್ಕೆ ಕಾಲಿಟ್ಟರೆ ಕುರಿಹಟ್ಟಿಯ ಗೋಡೆಗೆ ಒರಗಿಕೊಂಡು ಯಾರೋ ನಿಂತಿದ್ದಾರೆ. ಎರಡೂ ಕೈ ಅಗಲಿಸಿ, ತಲೆಯಿಲ್ಲದೆ. ಹತ್ತಿರ ಹೋದರೆ ಜಾಕೆಟ್ಟು. ಒಳಗೆ ಯಾರೂ ಇಲ್ಲ, ಆದರೂ ತಾನೇ ನಿಂತಿದೆ. ಮುಟ್ಟಿದೆ, ಹಪ್ಪಳದ ಹಾಗೆ ಗಟ್ಟಿ. ಕಿತ್ತಳೆ ಬಣ್ಣದ ಮೇಲೆ ಕಂದು ಪದರ, ಹೊಲಿಗೆಯ ಸಾಲುಗಳಲ್ಲೆಲ್ಲ ಗಂಟು ಗಂಟು.

ಅಡುಗೆಮನೆಯಿಂದ ತಮ್ಮನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಎರಡು ದಿನದ ಹಿಂದೆ ಒಂದು ಕುರಿ ಹೊಲದಲ್ಲೇ ಈದಿತ್ತು, ತಮ್ಮ ಮರಿಯನ್ನು ಜಾಕೆಟ್ಟಿನಲ್ಲಿ ಸುತ್ತಿ ತಂದಿದ್ದ. ಗಲೀಜಾಗಿತ್ತು. ಅದಕ್ಕೇ ತೊಳೆದಳಂತೆ. ತೊಳೆದ ಮೇಲೆ ಗಂಜಿ ಹಾಕಿದಳಂತೆ.

ನಮ್ಮಲ್ಲಿ ಕಂಬಳಿಗೆ ಗಂಜಿ ಹಾಕುತ್ತಾರೆ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಅರೆದು, ಅಂಟು ಅಂಟಾಗುವ ತನಕ ಕುದಿಸಿ, ತೊಳೆದ ಕಂಬಳಿಯ ಮೇಲೆ ಬಳಿದು ಬಿಸಿಲಿಗೆ ಹರಡುತ್ತಾರೆ. ಕಂಬಳಿ ಬಿಗಿಯಾಗುತ್ತದೆ, ಮಳೆನೀರು ಬೇಗ ಒಳಗಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಎರಡು ಹಿಡಿ ಉಪ್ಪನ್ನೂ ಹಾಕುವುದು ನಮ್ಮ ಅಜ್ಜಿಯ ಕಾಲದಿಂದ ಬಂದ ಪದ್ಧತಿ, ಹುಳ ಬೀಳಬಾರದೆಂದು. ಜಾಕೆಟ್ಟಿಗೂ ಅದೇ ಶಾಸ್ತ್ರ ಪೂರೈಸಿದ್ದಳು. ಚಳಿಗೆ ಹಾಕಿಕೊಳ್ಳುವ ವಸ್ತು, ತೊಳೆದ ಮೇಲೆ ಗಂಜಿ ಹಾಕದಿದ್ದರೆ ಹೇಗೆ? ನಾನು ಅವಳಿಗೆ ಸಿಂಥೆಟಿಕ್, ನೈಲಾನ್, ಇನ್ಸುಲೇಶನ್ ಎಂದೆಲ್ಲ ಒಂದು ಪೀರಿಯಡ್ ಲೆಕ್ಚರ್ ಕೊಟ್ಟೆ. ಒಳಗಿನ ನಾರಿನ ನಡುವೆ ಗಾಳಿ ಇರಬೇಕು, ಆ ಗಾಳಿಯೇ ಬೆಚ್ಚಗಿಡುವುದು ಎಂದೆ. ಅವಳು ತಾಳ್ಮೆಯಿಂದ ಕೇಳಿದಳು.

"ಗಾಳಿನೇ ಬೆಚ್ಚಗ ಇಡ್ತದಂದ್ರ ಹೊರಗ ಏನ್ ಕಡಿಮಿ ಗಾಳಿ ಅದ್ಯೇನ್ರಿ?" ಎಂದಳು.

ಮೂವತ್ತೈದು ವರ್ಷ ಪಾಠ ಹೇಳಿದವಳು ಅಲ್ಲಿಗೇ ಪೀರಿಯಡ್ ಮುಗಿಸಿದೆ.

ತಮ್ಮ ಕಟ್ಟೆಯ ಮೇಲೆ ಕೂತಿದ್ದ. ನಾನು ಪಕ್ಕದಲ್ಲಿ ಕೂತೆ. ನಾಳೆ ವ್ಯಾಪಾರಿ ಬರುವುದು ಹತ್ತಕ್ಕೆ, ಅದಕ್ಕೆ ಮೊದಲು ಒಂದು ಸಲ ಬಿಟ್ಟುಕೊಂಡು ಬರುತ್ತೇನೆ ಎಂದ. ಹೊಟ್ಟೆ ಹಸಿದ ಕುರಿಗಳನ್ನು ಗಾಡಿ ಹತ್ತಿಸುವುದು ಅವನಿಗೆ ಬೇಡವಾಗಿತ್ತು. ಕಂಬಳಿ ಹೊರುವುದು ಆಗುವುದಿಲ್ಲ, ಆ ಗೊಂಬೆಯನ್ನೇ ಹಾಕಿಕೊಳ್ಳುತ್ತೇನೆ ಎಂದು ಗೋಡೆಯತ್ತ ಗದ್ದ ತೋರಿಸಿದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಆರು ಗಂಟೆಗೆ ನಾನೂ ಎದ್ದೆ. ಎರಡು ಸ್ವೆಟರು, ಒಂದು ಶಾಲು, ಕಾಲಿಗೆ ಸಾಕ್ಸು ಹಾಕಿಕೊಂಡು ಹಟ್ಟಿಯ ಬಾಗಿಲಿಗೆ ಬಂದೆ. ತಮ್ಮ ಅಂದು ಎಂದಿಗಿಂತ ತಡ ಮಾಡಿದ್ದ, ಆಗಷ್ಟೇ ಜಾಕೆಟ್ಟಿನೊಳಗೆ ತೂರಿಕೊಳ್ಳುತ್ತಿದ್ದ. ಹಾಕಿಕೊಂಡನೆನ್ನುವುದಕ್ಕಿಂತ ಹೊಕ್ಕನೆಂದರೆ ಸರಿ. ಮೊಣಕೈ ಮಡಚಿದಾಗ ಕಟ್ ಎಂದು ಗಂಜಿ ಮುರಿಯಿತು. ಆದರೆ ಪರ್ ಪರ್ ಇಲ್ಲ. ಗಂಜಿ ಅದರ ಬಾಯಿ ಮುಚ್ಚಿಸಿತ್ತು.

ಹಟ್ಟಿಯ ಮುಳ್ಳುಬೇಲಿ ಸರಿಸಿದ. ಹಿರಿ ಕುರಿ ಮುಂದೆ ಬಂತು, ನಿಂತಿತು, ಮೂಗು ಚಾಚಿತು. ಆಮೇಲೆ ಅವನ ಮೊಣಕೈಯನ್ನು ನೆಕ್ಕಿತು. ಒಂದು ಸಲವಲ್ಲ, ಹಬ್ಬದ ಪಾಯಸದ ತಟ್ಟೆಯನ್ನು ನೆಕ್ಕುವ ಹಾಗೆ. ಅದರ ಹಿಂದೆ ಇನ್ನೊಂದು ಬಂತು. ಇನ್ನೆರಡು ಬಂದವು. ತಮ್ಮ ನಡೆಯತೊಡಗಿದ, ನಲವತ್ತು ಚಿಲ್ಲರೆ ಕುರಿಗಳು ಮದುವೆ ಮೆರವಣಿಗೆಯಂತೆ ಅವನ ಸುತ್ತ ಮುತ್ತಿಕೊಂಡು ಹೊರಟವು.

ದಾರಿಯ ಬಲಕ್ಕೆ ಅದೇ ಕಡಲೆ ಹೊಲ, ಎಡಕ್ಕೆ ತೊಗರಿ. ನಡುವೆ ಒಂದು ಗಾಡಿ ಹೋಗುವಷ್ಟು ಜಾಗ. ನಾನು ಬದುವಿನ ಮೇಲೆ ನಿಂತು ಉಸಿರು ಹಿಡಿದು ನೋಡಿದೆ. ಒಂದು ಕುರಿಯೂ ಕತ್ತು ಹೊರಳಿಸಲಿಲ್ಲ. ಕಡಲೆ ಗಿಡದ ಮೇಲೆ ಇಬ್ಬನಿ ಹೊಳೆಯುತ್ತಿತ್ತು, ಅವುಗಳ ಪಾಲಿಗೆ ಅದು ಬೇಡವಾದ ಹೊಲ. ಎಲ್ಲದರ ಕಣ್ಣೂ ಕಿತ್ತಳೆ ಬೆನ್ನಿನ ಮೇಲೆ.

ಹಿಂದೆ ಬೈಕಿನ ಸದ್ದು ನಿಂತಿತು. ವ್ಯಾಪಾರಿ ಗಾಡಿಯನ್ನು ಊರ ಬಾಗಿಲಲ್ಲಿ ಬಿಟ್ಟು ತಮ್ಮನ ಮಗನ ಬೈಕಿನಲ್ಲೇ ಹಿಂಡು ನೋಡಲು ಬಂದಿದ್ದ, ಹೇಳಿದ್ದಕ್ಕಿಂತ ಮೂರು ಗಂಟೆ ಮೊದಲು. ಒಳ್ಳೆಯ ವ್ಯಾಪಾರಿಗಳು ಹಾಗೆಯೇ, ಕುರಿ ಹೊಟ್ಟೆ ತುಂಬಿಸಿಕೊಳ್ಳುವ ಮೊದಲು ನೋಡಬೇಕು. ಇಬ್ಬರೂ ನನ್ನ ಪಕ್ಕ ಬದುವಿನ ಮೇಲೆ ನಿಂತರು. ವ್ಯಾಪಾರಿ ಬಹಳ ಹೊತ್ತು ನೋಡಿದ. ಎಷ್ಟೋ ಹಿಂಡು ನೋಡಿದ್ದೇನೆ, ಇಷ್ಟು ಮೈಗಂಟಿ ನಡೆಯುವ ಹಿಂಡು ನೋಡಿಲ್ಲ, ಆ ಮುದುಕನನ್ನೂ ಸೇರಿಸಿ ಕೊಡುವುದಾದರೆ ಮಾತಾಡೋಣ ಎಂದ. ತಮಾಷೆಗೇ ಹೇಳಿದ್ದು. ತಮ್ಮನ ಮಗ ನಗಲಿಲ್ಲ. ಅವನು ಕುರಿಗಳನ್ನು ನೋಡುತ್ತಿರಲಿಲ್ಲ. ಅಪ್ಪ ಎಡಗೈಯಲ್ಲಿ ಕೋಲು ಹಿಡಿದು, ಆ ಕೈಯನ್ನೇ ಎತ್ತಿ ದಿಕ್ಕು ತೋರಿಸುತ್ತ ಹೋಗುತ್ತಿದ್ದ. ಮಗ ಅದನ್ನು ನೋಡುತ್ತಿದ್ದ.

ತಮ್ಮ ಒಂದು ಸುತ್ತು ಹಾಕಿ ಒಂಬತ್ತಕ್ಕೆ ವಾಪಸು ಬಂದ. ವ್ಯಾಪಾರಿ ಕಟ್ಟೆಯ ಮೇಲೆ ಎರಡನೆಯ ಚಹಾ ಕುಡಿಯುತ್ತಿದ್ದ. ಬಂದವನೇ ತಮ್ಮ ಹಿಂಡನ್ನು ಹಟ್ಟಿಗೆ ಸೇರಿಸಿ, ಬೇಲಿ ಎಳೆದು, ಮಗನ ಎದುರಿಗೆ ನಿಂತ. ಜೀವಮಾನದಲ್ಲಿ ಅವನು ಇಷ್ಟು ನೇರವಾಗಿ ನಿಂತದ್ದನ್ನು ನಾನು ನೋಡಿಲ್ಲ. ಸ್ವಲ್ಪ ಪಾಲು ಗಂಜಿಯದು, ಬಗ್ಗಲು ಬರುತ್ತಿರಲಿಲ್ಲ.

"ಭುಜ ಹೋಗ್ಯದ, ಖರೇ. ಕಾಲ್ ಹೋಗಿಲ್ಲ" ಎಂದ.

ಮಗ ನೆಲ ನೋಡಿದ. ಕಾಲಿನಿಂದ ಒಂದು ಹಿಕ್ಕೆಯನ್ನು ಅತ್ತ ಸರಿಸಿದ. "ಬಿದ್ರ ಯಾರ್ ನೋಡ್ತಾರಪಾ ನಿನ್ಗ ಅಲ್ಲಿ?" ಎಂದ.

"ನಲವತ್ ಮಂದಿ ನೆಕ್ಕಿ ಎಬ್ಬಸ್ತಾರ" ಎಂದ ತಮ್ಮ.

ವ್ಯಾಪಾರಿಗೆ ಚಹಾ ನೆತ್ತಿಗೇರಿತು. ಮಗ ತಡೆದುಕೊಂಡ, ತಡೆದುಕೊಂಡ, ಆಮೇಲೆ ನಕ್ಕ. ಆತು ಬಿಡು, ಈ ವರ್ಷ ಇರಲಿ ಎಂದ. ದೂರದಿಂದ ಬಂದ ಗಾಡಿ ಖಾಲಿ ಹೋಗಬಾರದೆಂದು ಹಲ್ಲುದುರಿದ ಎರಡು ಟಗರು ಕೊಟ್ಟು ಕಳಿಸಿದರು. ಅವು ಹೇಗೂ ಹೋಗಬೇಕಾದವು. ಮಗ ಒಂದು ಕರಾರು ಹಾಕಿದ, ದಿನಾ ಫೋನ್ ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು. ಜೇಬೇನೋ ಇತ್ತು, ಗಂಜಿ ಬಳಿದು ಜಿಪ್ಪು ತೆರೆಯುತ್ತಿರಲಿಲ್ಲ. ಬಾಚಣಿಗೆಯಿಂದ ಕೆರೆದು ತೆರೆದರು.

ಎಲ್ಲರೂ ಅವರವರ ಕೆಲಸಕ್ಕೆ ಹೋದ ಮೇಲೆ ತಮ್ಮ ಹಟ್ಟಿಯ ಹತ್ತಿರ ಒಬ್ಬನೇ ನಿಂತಿದ್ದ. ಕುರಿಗಳು ಬೇಲಿಯ ಸಂದಿಯಿಂದ ಮೂತಿ ತೂರಿಸಿ ಅವನ ತೋಳು ನೆಕ್ಕುತ್ತಿದ್ದವು. ಗೆದ್ದವನ ಮುಖವಲ್ಲ ಅದು. ಏನಾಯಿತು ಎಂದೆ. ಅವನು ಮೂಲೆಯಲ್ಲಿ ಮಡಚಿಟ್ಟಿದ್ದ ಹಳೆಯ ಕಂಬಳಿಯನ್ನು ತೋರಿಸಿದ. ಅದರ ಒಂದು ಅಂಚು ಪೂರ್ತಿ ಸವೆದು ಜಾಳಾಗಿತ್ತು. ಅದು ಕುರಿಗಳ ಕಡೆಗೆ ನೇತಾಡುತ್ತಿದ್ದ ಅಂಚು. ಯಾವಾಗಲೂ ಹಿರಿ ಕುರಿಯ ಮೂತಿ ಇರುತ್ತಿದ್ದದ್ದು ಅಲ್ಲೇ. ಐವತ್ತು ವರ್ಷ, ಒಂದೊಂದು ಕಂಬಳಿಯಲ್ಲೂ, ಅವನು ಅದನ್ನು ಸವೆತ ಎಂದುಕೊಂಡಿದ್ದ.

"ಅಂದ್ರ ಅಕ್ಕಾ, ಅವು ನನ್ ದನಿ ಕೇಳಿ ಬರ್ತಿದ್ದಿಲ್ಲ" ಎಂದ. "ಉಪ್ಪಿಗಿ ಬರ್ತಿದ್ವು."

ಊರಲ್ಲೆಲ್ಲ ಅವನಿಗೆ ಹೆಸರು, ಕೂಗಿದರೆ ಮೂರು ಹೊಲದಾಚೆಯ ಕುರಿಯೂ ಬರುತ್ತದೆಂದು. ದೂರದ ಕಲ್ಹೇರ್ ಕಡೆಯಿಂದಲೂ ಜನ ಬಂದು ಅವನ ಕೂಗು ಕೇಳಿ ಹೋಗಿದ್ದಾರೆ. ಸಮಾಧಾನ ಹೇಳುವುದು ನನಗೆ ಯಾವತ್ತೂ ಒಗ್ಗಿಲ್ಲ, ಸಿಸ್ಟರ್‌ಗಳು ಅದನ್ನು ಸಿಲಬಸ್ಸಿನಲ್ಲಿ ಇಟ್ಟಿರಲಿಲ್ಲ. ನಾನು ನನ್ನ ಕ್ಲಾಸುಗಳನ್ನು ನೆನೆದೆ. ಪೊಯೆಟ್ರಿ ಓದುವಾಗ ನನ್ನನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದ ಆ ಐವತ್ತು ಮುಖಗಳು.

"ನನ್ ಪೀರಿಯಡ್ ಊಟದ ಬೆಲ್ಲಿಗಿ ಮೊದಲಿಂದು ಇತ್ತು" ಎಂದೆ. "ಎಲ್ಲಾರ್ ಕಣ್ಣೂ ನನ್ ಮ್ಯಾಲೇ. ನನ್ ಹಿಂದ ಗ್ವಾಡಿಗಿ ಗಡಿಯಾರ ಇತ್ತಂತ ರಿಟೈರ್ ಆದ್ ಮ್ಯಾಲ ಗೊತ್ತಾತು."

ತಮ್ಮ ನನ್ನನ್ನು ನೋಡಿದ. ಇದು ನಿಜವೋ, ತನಗಾಗಿ ಕಟ್ಟಿದ್ದೋ ಎಂದು ತೂಗಿದ. ನಿಜವೇ. ಬೇಕಾದರೆ ಹೋಗಿ ನೋಡಿ, ಆ ಗಡಿಯಾರ ಇನ್ನೂ ಅಲ್ಲೇ ಇದೆ, ನಿಂತುಹೋಗಿದೆ.

ಹಿರಿ ಕುರಿ ಅವನ ಕಾಲರನ್ನು ತಲುಪಲು ಹಿಂಗಾಲ ಮೇಲೆ ನಿಂತಿತು. ಅವನು ಅದನ್ನು ದೂಡಲಿಲ್ಲ, ತೋಳು ಇನ್ನಷ್ಟು ಚಾಚಿದ, ಎಡತೋಳು. ಒಂದು ಜಾಗ ಖಾಲಿಯಾದ ಮೇಲೆ ಇನ್ನೊಂದು ಕಡೆ ತಿರುಗಿಸಿ ಕೊಟ್ಟ. ಮೊಣಕೈಯಲ್ಲಿ ಆಗಲೇ ಕಿತ್ತಳೆ ಬಣ್ಣ ಹೊರಗೆ ಬಂದಿತ್ತು. ಅದನ್ನು ಬೆರಳಿನಿಂದ ಸವರಿ ನೋಡಿದ.

"ಇದು ಹೋಳಿ ತನಕಾನೂ ಬರಾಂಗಿಲ್ಲ" ಎಂದ. "ಅಕಿಗಿ ಹೇಳು, ನಾಳಿಗಿ ಮತ್ತೊಂದ್ ಬೋಗೋಣಿ ಗಂಜಿ ಕುದಸ್ಲಿ. ಉಪ್ಪು ಒಂದ್ ಹಿಡಿ ಹೆಚ್ಚಿಗಿ."